ನೇಸರಗಿಯ ಫೈಲು

ಅಕ್ಟೋಬರ್ ೬, ಸೋಮವಾರ

ಬ್ಯಾಂಕಿನವರು ಜನವರಿಯೊಳಗ ಕೊಟ್ಟ ಡೈರಿ ಇದು. ಒಂಬತ್ತು ತಿಂಗಳು ಕಪಾಟಿನ್ಯಾಗ ಮಲಗಿತ್ತು, ಇವತ್ತ ಎಬ್ಬಿಸೇನಿ. ಮನಿಯಾಗ ಅತ್ತಿಯವರ ಮುಂದ ಬಾಯಿ ತಗಿಯೂ ಹಂಗಿಲ್ಲ, ಆಫೀಸಿನ್ಯಾಗ ಸರ್ ಮುಂದ ತಗಿಯೂ ಹಂಗಿಲ್ಲ. ಯಜಮಾನರು ರಾಮದುರ್ಗದ ಸಾಲ್ಯಾಗ ಮಾಸ್ತರು, ಶನಿವಾರ ಸಂಜಿಗೆ ಬಂದು ಸೋಮವಾರ ಮುಂಜಾನಿ ಬಸ್ಸಿಗೆ ಹೋಗತಾರ. ಆ ಒಂದೂವರಿ ದಿನದಾಗ ಅವರಿಗೆ ಏನಂತ ಬೈಲಿ? ಹಿಂಗಾಗಿ ಬೈಯೂದೆಲ್ಲಾ ಇಲ್ಲೇ ಬೈತೇನಿ. ಸುಚೇತಾಬಾಯಿ ಭಾಳ ಶಾಂತ ಅಂತ ಊರಾಗ ಹೆಸರದ. ಆ ಹೆಸರು ಉಳೀಲಿ.

ವಿರೂಪಾಕ್ಷ ಸರ್ ಸಿಎ. ಬೈಲಹೊಂಗಲ ಬಜಾರದಾಗ ಅರಿವಿ ಅಂಗಡಿ ಮ್ಯಾಲಿನ ಎರಡು ಖೋಲಿ ನಮ್ಮ ಆಫೀಸು. ಸರ್, ನಾನು, ಮತ್ತ ಎರಡು ಮಕ್ಕಳ ತಾಯಿ ಮಧು, ಮೂರs ಮಂದಿ. ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮ್ಯಾಲೆ ಅವರ ಹೆಸರು, ಫೈಲಿನ ಮ್ಯಾಲೆ ನನ್ನ ಅಕ್ಷರ. ಈ ತಿಂಗಳು ಮೂವತ್ತೊಂದಕ್ಕ ನಲ್ವತ್ತೊಂದು ಮಂದಿ ಆಡಿಟ್ ವರದಿ ಹೋಗಬೇಕು. ಅದರ ನಡುವ ಇಪ್ಪತ್ತಕ್ಕ ನೂರಾ ಮೂವತ್ತು ಮಂದಿ ಜಿಎಸ್‌ಟಿ ರಿಟರ್ನ್. ಅದರ ನಡುವ ದೀಪಾವಳಿ. ನಮ್ಮ ಮಾವನವರ ತಂದಿ ಪಂಚಾಂಗ ನೋಡಿ ಮುಹೂರ್ತ ಇಟ್ಟು ಕೊಡತಿದ್ದರಂತ. ಒಂದು ತಪ್ಪಿದ್ರ ಇನ್ನೊಂದು ಹುಡುಕಿ ಕೊಡತಿದ್ದರಂತ. ನನ್ನ ಕಸುಬಿನ್ಯಾಗ ಮುಹೂರ್ತ ತಪ್ಪಿದ್ರ ದಂಡ.

"ಹೆಂಗ ಮುಗಸ್ತೀರಿ ಮೇಡಂ?" ಅಂತ ಸರ್ ಕೇಳಿದ್ರು. "ಪಾಳಿ ಪ್ರಕಾರ" ಅಂದೆ. ಹಿಟ್ಟಿನ ಗಿರಣಿಯೊಳಗ ಡಬ್ಬಿ ಇಟ್ಟಂಗ. ಯಾರು ಮದಲ ಕಾಗದ ತಂದರೋ ಅವರದು ಮದಲ. ಶ್ರೀಮಂತರ ಜ್ವಾಳ ಅಂತ ಗಿರಣಿಯವ ಮುಂದ ಹಾಕತಾನೇನು? ಹಾಕಿದ್ರ ಪಾಳಿಗೆ ನಿಂತ ಹೆಂಗಸರು ಅವನ ಜನ್ಮಾ ಜಾಲಾಡತಾರ. ಇಪ್ಪತ್ತೆರಡು ವರ್ಷದಾಗ ನಾ ಒಬ್ಬರದೂ ತಾರೀಖು ತಪ್ಪಿಸಿಲ್ಲ. ಹೇಳಿಕೊಳ್ಳಬಾರದು, ಆದ್ರ ಡೈರಿಯೊಳಗ ಹೇಳದs ಇನ್ನೆಲ್ಲಿ ಹೇಳಲಿ?

ಅಕ್ಟೋಬರ್ ೭, ಮಂಗಳವಾರ

ನೇಸರಗಿಯಿಂದ ಪದ್ಮಕ್ಕ ಬಂದಿದ್ದಳು. ಪದ್ಮವ್ವ ಅಂತ ಹೆಸರು, ನಾ ಪದ್ಮಕ್ಕ ಅಂತೇನಿ. ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಖಾರಪುಡಿ ಮಾಡಿ ಸವದತ್ತಿಯ ಹಾಸ್ಟೆಲ್ಲಿಗೆ ಕೊಡತಾಳ. ಬಾಗಲದಾಗ ನಿಂತು "ಒಳಗ ಬರ್ಲೇನ್ರಿ ಅಕ್ಕಾರ?" ಅಂತ ಕೇಳೇ ಬರತಾಳ. ನಮ್ಮ ಆಫೀಸಿಗೆ ಬರೂ ಮಂದಿಯೊಳಗ ಹಂಗ ಕೇಳಾಕಿ ಆಕಿ ಒಬ್ಬಾಕಿನೇ.

"ಬರ್ರಿ ಪದ್ಮಕ್ಕ, ಕೂಡ್ರಿ. ಏನ್ ವಿಶೇಷ?"

"ಶೆಡ್ ಬದ್ಲಿ ಮಾಡೇನ್ರಿ. ಹಳೇ ಮನ್ಯಾಗ ಮಷೀನ್ ಚಾಲೂ ಮಾಡಿದ್ರ ಖಾರದ ಘಾಟಿಗೆ ಓಣಿ ಮಂದಿ ಎಲ್ಲಾ ಸೀನಕೋಂತ ಜಗಳಕ್ಕ ಬರತಿದ್ರು. ಒಬ್ಬ ಮುದುಕ ಅಂತೂ ಸೀನಿ ಸೀನಿ ಹಲ್ಲಿನ ಸೆಟ್ ಗಟಾರದಾಗ ಕೆಡವಿಕೊಂಡ. ಅದನ್ನೂ ನಾನs ತೊಳದು ಕೊಟ್ಟೇನ್ರಿ. ಈಗ ಬಸ್ ಸ್ಟ್ಯಾಂಡಿನ ಹಿಂದ ಶೆಡ್ ಹಿಡದೇನಿ."

ನಕ್ಕು ನಕ್ಕು ನನ್ನ ಕಣ್ಣಾಗ ನೀರು ಬಂತು. ಆಮ್ಯಾಲೆ ಆಕಿ ದನಿ ಸಣ್ಣ ಮಾಡಿದಳು. ಜಿಎಸ್‌ಟಿ ಸಾಹೇಬರು ಹಳೇ ಮನಿಗೆ ತಪಾಸಣಿಗೆ ಬಂದಿದ್ದರಂತ, ಕೀಲಿ ನೋಡಿ ಹೊಳ್ಳಿ ಹೋದರಂತ.

"ಏನರ ಆಕೈತೇನ್ರಿ ಅಕ್ಕಾರ? ಹಾಸ್ಟೆಲ್ಲಿನ ಗುತ್ತಿಗಿ ಈ ಸಲ ಹೊಸದಾಗಿ ಕೊಡತಾರಂತ. ನವೆಂಬರ್ ಐದರೊಳಗ ಅರ್ಜಿ ಹಾಕಬೇಕ್ರಿ. ಜಿಎಸ್‌ಟಿ ನಂಬರ್ ಚಾಲ್ತಿ ಇಲ್ಲಂದ್ರ ಅರ್ಜಿನs ತಗೊಳ್ಳೂದಿಲ್ಲಂತ. ನನ್ನ ಕೂಡ ಆರು ಮಂದಿ ಹೆಣ್ಮಕ್ಕಳು ದುಡಿಯಾಕತ್ತಾರ್ರಿ, ಆರೂ ಮನಿ ಒಲಿ ಅದರ ಮ್ಯಾಲೇ ಹತ್ತೂದು."

"ಏನೂ ಆಗೂದಿಲ್ಲ. ಹೊಸಾ ಶೆಡ್ಡಿನ ಲೈಟ್ ಬಿಲ್ಲು, ಬಾಡಿಗಿ ಕರಾರಪತ್ರ ತಂದೀರಲ್ಲ, ವಿಳಾಸ ಬದ್ಲಿ ಮಾಡಿ ಹಾಕತೇನಿ. ನೀವು ಚಿಂತಿ ಬಿಡ್ರಿ."

ಪಾಳಿ ಪಟ್ಟಿಯೊಳಗ ನಲ್ವತ್ತೆರಡನೇ ನಂಬರಿಗೆ ಬರಕೊಂಡೆ. ಆಕಿ ಕೊಟ್ಟ ಚಟ್ನಿ ಡಬ್ಬಿ ಅತ್ತಿಯವರು ರಾತ್ರಿ ಊಟದಾಗs ಅರ್ಧಾ ಖಾಲಿ ಮಾಡಿದ್ರು. ಎಪ್ಪತ್ತೆಂಟು ವರ್ಷದ ತಾರಾಬಾಯಿಗೆ ನನ್ನ ಸಾರು ಖಾರ, ಪದ್ಮಕ್ಕನ ಚಟ್ನಿ ಅಮೃತ.

ಅಕ್ಟೋಬರ್ ೧೦, ಶುಕ್ರವಾರ

ಮಧುಗ ಇವತ್ತ ಛಲೋತ್ನಾಗಿ ಬೈದೆ. ದೊಡವಾಡದ ಒಬ್ಬ ಕಿರಾಣಿ ಅಂಗಡಿಯವರು ಫೋನ್ ಮಾಡಿ ನಮ್ಮದೇನಾತು ಅಂತ ಕೇಳಿದ್ರ "ಸರ್ವರ್ ಡೌನ್ ಐತ್ರಿ" ಅಂದುಬಿಟ್ಟಳು. ಸರ್ವರ್ ಚಂದಾಗಿ ನಡೀಲಿಕತ್ತಿತ್ತು.

"ಯಾಕ ಸುಳ್ಳು ಹೇಳತಿ? ಇನ್ನೂ ನಿಮ್ಮ ಪಾಳಿ ಬಂದಿಲ್ಲ ಅಂತ ಹೇಳು. ಬೈದ್ರ ಬೈಸಿಕೋ."

"ಎಲ್ಲಾರೂ ಹಂಗs ಹೇಳತಾರ್ರಿ ಮೇಡಂ."

"ಎಲ್ಲಾರೂ ಹೇಳಲಿ. ಅವರ ಹೊಟ್ಟಿಪಾಡಿನ ಕಾಗದ ನಮ್ಮ ಕೈಯಾಗ ಇರತದ. ಸುಳ್ಳು ಹೇಳೂದಿದ್ರ ಬ್ಯಾರೆ ಕಸುಬು ಹಿಡಿ."

ಪಾಪ, ಮಾರಿ ಸಪ್ಪಗ ಮಾಡಿಕೊಂಡಳು. ಆದ್ರೂ ಹೇಳೂದು ಹೇಳಬೇಕು. ಹದಿಮೂರು ಆಡಿಟ್ ಮುಗದಾವ. ಹತ್ತಿ ಜಿನ್ನಿಂಗ್ ಫ್ಯಾಕ್ಟರಿ ಉಳವಪ್ಪ ಶೆಟ್ಟರು ಇನ್ನೂ ಒಂದು ಚೀಟಿ ಸೈತ ಕಳಿಸಿಲ್ಲ. ಆಫೀಸಿನ ಎಲ್ಲಾರಕಿಂತ ದೊಡ್ಡ ಗಿರಾಕಿ, ಎಲ್ಲಾರಕಿಂತ ಕಡೀಗೆ ಬರಾಂವ.

ಅಕ್ಟೋಬರ್ ೧೩, ಸೋಮವಾರ

ಪದ್ಮಕ್ಕನ ನೋಟೀಸು ಬಂತು. ನೋಂದಣಿ ಮಾಡಿದ ವಿಳಾಸದಾಗ ವ್ಯಾಪಾರ ಇಲ್ಲ, ನಿಮ್ಮ ನಂಬರ್ ಯಾಕ ರದ್ದು ಮಾಡಬಾರದು, ಏಳು ಕೆಲಸದ ದಿನದಾಗ ಉತ್ತರ ಕೊಡ್ರಿ ಅಂತ. ಹಬ್ಬದ ರಜಾ ಬಿಟ್ಟು ಎಣಿಸಿದೆ. ಇಪ್ಪತ್ನಾಲ್ಕನೇ ತಾರೀಖು, ಶುಕ್ರವಾರ ಕಡೀ ದಿನ.

ನೋಟೀಸು ಬಂದದ್ದು ಆಫೀಸ್ ಮೊಬೈಲಿಗೆ. ನಮ್ಮಲ್ಲಿ ಮದಲಿಂದ ಒಂದು ಪದ್ಧತಿ ಅದ. ಗಿರಾಕಿಗಳ ನೋಂದಣಿ ಮಾಡುವಾಗ ಮೊಬೈಲ್ ನಂಬರ್ ಕೇಳೂ ಜಾಗಾದಾಗ ಅವರದು ಹಾಕೂದಿಲ್ಲ, ಆಫೀಸಿನದು ಹಾಕತೇವಿ. ಇಲ್ಲಾಂದ್ರ ಒಂದೊಂದು ಓಟಿಪಿಗೂ ಅವರ ಬೆನ್ನು ಹತ್ತಬೇಕು. ಒಬ್ಬರು ಹೊಲದಾಗ ಇರತಾರ, ಒಬ್ಬರು ಸಂತ್ಯಾಗ ಇರತಾರ, ಒಬ್ಬರು ಫೋನ್ ಮಗಳ ಕೈಯಾಗ ಕೊಟ್ಟಿರತಾರ. ನಮಗ ಅನುಕೂಲ ಆಗಲೆಂತ ಮಾಡಿದ್ದು. ಹಿಂಗಾಗಿ ನೂರಾ ಮೂವತ್ತು ಮಂದಿ ಓಟಿಪಿ, ನೋಟೀಸು, ದಂಡ ಎಲ್ಲಾ ಈ ಒಂದು ಒಡದ ಗ್ಲಾಸಿನ ಮೊಬೈಲಿಗೇ ಬಂದು ಬೀಳತಾವ. ಗಿರಾಕಿಗೆ ನಾವು ಹೇಳಿದ್ರ ಉಂಟು, ಇಲ್ಲಂದ್ರ ಇಲ್ಲ.

ಪದ್ಮಕ್ಕಗ ಫೋನ್ ಹಚ್ಚಬೇಕಂತ ಮಾಡಿದ್ದೆ. ರದ್ದು ಅನ್ನೂ ಶಬ್ದ ಕೇಳಿದ್ರs ಹೆದರತಾಳ, ಬಸ್ ಹತ್ತಿ ಓಡಿ ಬರತಾಳ. ಅರ್ಧಾ ತಾಸಿನ ಕೆಲಸ. ಲೈಟ್ ಬಿಲ್ಲು, ಕರಾರಪತ್ರ ಹಚ್ಚಿ ಕಳಿಸಿದ್ರ ಮುಗೀತು. ಯಾಕ ಸುಮ್ಮನ ಆಕಿ ನಿದ್ದಿ ಕೆಡಸೂದು ಅಂತ ಬಿಟ್ಟೆ. ನಾಳೆ ಮಾಡತೇನಿ.

ಅಕ್ಟೋಬರ್ ೧೫, ಬುಧವಾರ

ಇವತ್ತಿನ ಮಾತು ಬರದs ತೀರಬೇಕು, ಇಲ್ಲಾಂದ್ರ ನಿದ್ದಿ ಬರೂದಿಲ್ಲ.

ಉಳವಪ್ಪ ಶೆಟ್ಟರು ಬಂದ್ರು. ಹಿಂದ ಅವರ ಡ್ರೈವರ್, ಅವನ ಹೆಗಲ ಮ್ಯಾಲೆ ಕಾಗದದ ಮೂರು ಚೀಲ, ಅರಳಿ ತುಂಬೂ ಚೀಲಾನೇ. ಕಾಗದಾನೂ ಹತ್ತಿ ಹಂಗ ತುಂಬಿ ತಂದಾರ. "ಬ್ಯಾಂಕಿನವರು ಇಪ್ಪತ್ತೈದಕ್ಕ ವರದಿ ಕೇಳಾಕತ್ತಾರ್ರಿ ವಿರೂಪಾಕ್ಷಣ್ಣ. ಸೀಜನ್ ಸುರು ಆತು. ಸಾಲದ ಮಿತಿ ಹೆಚ್ಚಿಗಿ ಮಾಡಲಿಲ್ಲಂದ್ರ ಹತ್ತಿ ಹೆಂಗ ತಗೊಳ್ಳಲಿ?" ಅಂದ್ರು. ಸರ್ ನನ್ನ ಕಡೆ ನೋಡಿ "ಮೇಡಂ, ಶೆಟ್ಟರದು ಮದಲ" ಅಂದ್ರು.

ಶೆಟ್ಟರು ಹ್ವಾದ ಮ್ಯಾಲೆ ನಾ ಸುಮ್ಮನ ಕೂಡಲಿಲ್ಲ. "ಸರ್, ಅವರು ಪಾಳಿಯೊಳಗ ಕಡೀಗೆ. ಮುಂದ ಇಪ್ಪತ್ತೇಳು ಮಂದಿ ಅದಾರ. ನೇಸರಗಿ ಪದ್ಮವ್ವನ ನೋಟೀಸೂ ಅದ. ಮೂರು ಚೀಲ ಬಿಚ್ಚಿದ್ರ ಹತ್ತು ದಿನ ಹೋತು. ಗಿರಣಿಯೊಳಗ..." ಅನ್ನೂದ್ರಾಗ ಸರ್ ನಕ್ಕರು.

"ಗಿರಣಿ ನಂದ್ರಿ ಮೇಡಂ."

ಮಧು ಅಲ್ಲೇ ಇದ್ದಳು. ಚಾದ ಅಂಗಡಿಯವ ಕಪ್ ಒಯ್ಯಲಿಕ್ಕೆ ಬಂದಾಂವ ಅಲ್ಲೇ ನಿಂತಿದ್ದ. ಇಪ್ಪತ್ತೆರಡು ವರ್ಷ! ಅವರ ಮಗಳ ಲಗ್ನದ ಅಕ್ಕಿ ಕಾಳು ಬಿದ್ದ ಮರುದಿನಾನೂ ನಾ ಬಂದು ಕುಂತೇನಿ. ನಮ್ಮ ಮಾವನವರು ತೀರಿಕೊಂಡಾಗ ಸೂತಕದಾಗ ಮನಿಯಿಂದ ಕೆಲಸ ಮಾಡೇನಿ. ಗಿರಣಿ ನಂದು ಅಂತ! ಹೌದಪ್ಪಾ, ನಿಂದೇ. ನಾ ಬೀಸೂ ಕಲ್ಲು. ಅಳೂ ಬರತಿತ್ತು, ಅಳಲಿಲ್ಲ. ಚೀಲ ಬಿಚ್ಚಿದೆ.

ಅಕ್ಟೋಬರ್ ೧೭, ಶುಕ್ರವಾರ

ಚೀಲದಾಗ ಕಾಗದದ ಕೂಡ ಒಂದು ಚಪ್ಪಲಿ, ಎರಡು ಲಗ್ನಪತ್ರಿಕಾ, ಔಷಧದ ಚೀಟಿ. ತೂಕದ ಚೀಟಿ ಒಂದು ಹೇಳತದ, ಬಿಲ್ಲು ಇನ್ನೊಂದು ಹೇಳತದ.

ಪದ್ಮವ್ವ ಫೋನ್ ಮಾಡಿದ್ದಳು. "ವಿಳಾಸ ಬದ್ಲಿ ಆತೇನ್ರಿ ಅಕ್ಕಾರ?" ಅಂದಳು. "ಹಾಕೇನಿ, ಆಗತದ" ಅಂದೆ. ಹಾಕಿಲ್ಲ. ಆದ್ರ ಫೈಲ್ ತಗದು ಟೇಬಲ್ ಮ್ಯಾಲೇ ಇಟ್ಟೇನಿ, ಹಾಕಿದಂಗೇ. ನಾಳೆ ಬ್ಯಾಂಕಿನವರು ಕೇಳಿದ ಶೆಟ್ಟರ ಪಟ್ಟಿ ಕೊಟ್ಟ ತಕ್ಷಣ ಮದಲ ಅದನ್ನs ಮಾಡೂದು.

ಇಪ್ಪತ್ತರ ಜಿಎಸ್‌ಟಿ ಹಬ್ಬಕ್ಕಂತ ಇಪ್ಪತ್ತೈದಕ್ಕ ಮುಂದ ಹಾಕತಾರಂತ. ಎಲ್ಲಾರೂ ಉಸ್ ಅಂದ್ರು. ನನಗೇನು? ಎಲ್ಲಾ ಕೂಡಿ ಒಂದs ವಾರದಾಗ ಬಂದು ಕುಂತಾವ.

ಅಕ್ಟೋಬರ್ ೨೦, ಸೋಮವಾರ

ನರಕ ಚತುರ್ದಶಿ. ನಸುಕಿನ್ಯಾಗ ಎಣ್ಣಿ ಹಚ್ಚುವಾಗ ಅತ್ತಿಯವರು ನನ್ನ ನೆತ್ತಿ ಮುಟ್ಟಿ "ತಲಿ ಅನ್ನೂದು ಹಂಚು ಕಾದಂಗ ಕಾದದಲ್ಲ ಸುಚೇತಾ" ಅಂದ್ರು. ಕರದಂಟು ತಿಂದೆ, ಮಲಗಿದೆ, ಎದ್ದೆ, ಮಲಗಿದೆ. ಯಜಮಾನರು "ಒಂದು ದಿನಾನರ ಫೋನ್ ಬಂದ್ ಇಡು" ಅಂದ್ರು. ಇಟ್ಟೆ.

ಅಕ್ಟೋಬರ್ ೨೧, ಮಂಗಳವಾರ

ಆಫೀಸಿನ್ಯಾಗ ಲಕ್ಷ್ಮೀಪೂಜಾ. ಮುಂಜಾನೆ ಹೋಗಿ ನೇಸರಗಿಯವರ ಉತ್ತರ ಕಳಿಸಿಬಿಡಬೇಕಂತ ಮಾಡಿದ್ದೆ. ನಾ ಹೋಗೂದ್ರಾಗ ಸರ್ ಎಲ್ಲಾ ಪೂಜಾಕ್ಕ ಹೊಂದಿಸಿ ಇಟ್ಟುಬಿಟ್ಟಿದ್ರು. ಹಿಂದಕ್ಕ ಕೀರ್ದಿ ಪುಸ್ತಕ ಇಡತಿದ್ದರು, ಈಗ ಎರಡು ಕಂಪ್ಯೂಟರು, ಸಹಿ ಮಾಡೂ ಪೆನ್ ಡ್ರೈವು, ಆಫೀಸ್ ಮೊಬೈಲು. ಎಲ್ಲಾದಕ್ಕೂ ಅರಿಷಿಣ ಕುಂಕುಮ, ಚೆಂಡುಹೂವು. ಒಮ್ಮೆ ಪೂಜಾ ಆತಂದ್ರ ಪಾಡ್ಯಾ ಮುಗದು ಮರುದಿನ ಮುಂಜಾನೆ ಪೂಜಾ ಇಳಸೂತನಕ ಯಾರೂ ಮುಟ್ಟೂ ಹಂಗಿಲ್ಲ. ಸರ್ ಅವರ ಅಪ್ಪನ ಕಾಲದಿಂದ ನಡದು ಬಂದದ್ದು.

"ಸರ್, ಒಂದ ಅರ್ಧಾ ತಾಸು" ಅಂದೆ.

"ಲಕ್ಷ್ಮೀನ ಕುಂದರಿಸಿ ಎಬ್ಬಸ್ತಾರೇನ್ರಿ ಮೇಡಂ? ಬ್ರಾಹ್ಮಣರಾಗಿ ನೀವs ಹಿಂಗಂದ್ರ?"

ಆರತಿ ಹೊತ್ತಿನ್ಯಾಗ ಆ ಮೊಬೈಲು ಹೂವಿನ ಬುಡಕ ಎರಡು ಸಲ ಗುರುಗುಟ್ಟಿತು. ಯಾರ ನೋಟೀಸೋ ಯಾರ ಓಟಿಪಿಯೋ. ಸರ್ ಅದರ ಮ್ಯಾಲೆ ಇನ್ನೊಂದೀಟು ಅಕ್ಷತಾ ಹಾಕಿದ್ರು. ಶೆಟ್ಟರು ಜರಿ ಕಂಠಿ ಸೀರಿ ಕಳಿಸ್ಯಾರ ನನಗ. ಬಣ್ಣ ಛಲೋ ಅದ.

ಅಕ್ಟೋಬರ್ ೨೩, ಗುರುವಾರ

ಪೂಜಾ ಇಳಸಿದ್ದೇ ತಡ, ಕುಂತಾಕಿ ರಾತ್ರಿತನಕ ಎದ್ದಿಲ್ಲ. ಶೆಟ್ಟರ ಅರಳಿ ದಾಸ್ತಾನಿನ್ಯಾಗ ನಾನೂರು ಅಂಡಗಿ ಹತ್ತಿ ಗಾಳಿಗೆ ಹಾರಿ ಹೋದಂಗ, ಲೆಕ್ಕಕ್ಕ ಸಿಗವಲ್ಲವು. ಸರ್ ಹತ್ತು ನಿಮಿಷಕ್ಕೊಮ್ಮೆ ಬಂದು ನಿಂದರತಾರ. ಜಿಎಸ್‌ಟಿ ಇನ್ನೂ ಅರವತ್ತು ಮಂದಿದು ಅದ. ಫೋನು, ಫೋನು, ಫೋನು. ನೇಸರಗಿಯವರದೂ ಮೂರು ಸಲ ಬಂತು. ಮೂರನೇ ಸಲ ಎತ್ತಿ "ಸರ್ವರ್ ಡೌನ್ ಅದರಿ, ನಾನs ಹೇಳಿ ಕಳಸ್ತೇನಿ" ಅಂತ ಇಟ್ಟೆ. ಮಧು ಯಾಕೋ ಕೆಲಸ ಬಿಟ್ಟು ನನ್ನ ಮಾರಿ ನೋಡಿಕೋತ ಕುಂತಳು. ಕೆಲಸ ಕಮ್ಮಿ ಆದ್ರ ಮಂದಿಗೆ ಹಿಂಗs. ಇನ್ನೂ ಹತ್ತು ಫೈಲ್ ಆಕಿ ಟೇಬಲ್ ಮ್ಯಾಲೆ ಒಗದೆ.

ಅಕ್ಟೋಬರ್ ೨೪, ಶುಕ್ರವಾರ

ನಾನೂರು ಅಂಡಗಿ ಸಿಕ್ಕವು. ಒಂದ ಖರೀದಿ ಬಿಲ್ಲು ಲೆಕ್ಕದಾಗ ಎರಡು ಸಲ ಏರಿಸಿದ್ರು. ಶೆಟ್ಟರದು ಮುಗೀತು. ತಲಿ ನೋಯಲಿಕತ್ತದ, ಮಲಗತೇನಿ.

ಅಕ್ಟೋಬರ್ ೨೫, ಶನಿವಾರ

ವರದಿ ಶೆಟ್ಟರ ಕೈಗೆ ಹೋತು. ಜಿಎಸ್‌ಟಿ ನೂರಾ ಮೂವತ್ತೂ ಹೋದವು. ಸರ್ ಎಲ್ಲಾರ ಮುಂದ "ಸುಚೇತಾ ಮೇಡಂ ಇಲ್ಲಾಂದ್ರ ಈ ಆಫೀಸ್ ಇಲ್ಲ" ಅಂದ್ರು. ಗಿರಣಿ ನಂದು ಅಂದ ಬಾಯಿನೇ. ಆದ್ರೂ ಖರೇ ಹೇಳತೇನಿ, ಭಾಳ ಛಲೋ ಅನಿಸ್ತು. ಪಾಳಿ ಪಟ್ಟಿ ಹೊಸದಾಗಿ ಬರದೆ. ಮದಲ ಯಾರದು ಮಾಡಿದ್ರ ಆಫೀಸಿಗೆ ತ್ರಾಸ ಕಮ್ಮಿ ಅನ್ನೂದು ನೋಡಿ ಹಚ್ಚಿದೆ. ಕೆಲಸ ಭಾಳ ಹಗುರ ಆಗತದ ಹಿಂಗ ಮಾಡಿದ್ರ. ಇಷ್ಟು ವರ್ಷ ಸುಮ್ಮನ ಒದ್ದಾಡಿದೆ.

ಅಕ್ಟೋಬರ್ ೨೮, ಮಂಗಳವಾರ

ಮಧ್ಯಾಹ್ನ ಆಫೀಸ್ ಮೊಬೈಲು ನೋಡಿದೆ. ನಲ್ವತ್ತೆರಡನೇ ಫೈಲಿನ ನೋಂದಣಿ ರದ್ದು. ಉತ್ತರ ಬಂದಿಲ್ಲ, ಹಿಂಗಾಗಿ ರದ್ದು ಅಂತ ಆದೇಶ.

ಶುಕ್ರವಾರ ಸಂಜೀ ಮುಂದ ನಾಕೂವರಿಗೆ ಆ ಫೈಲ್ ತಗದಿದ್ದೆ. ಲೈಟ್ ಬಿಲ್ಲು ಕೈಯಾಗ ಹಿಡದಿದ್ದೆ, ಛಂದ ನೆನಪದ. ಆವಾಗ ಶೆಟ್ಟರ ಗುಮಾಸ್ತ ಆ ಡಬಲ್ ಬಿಲ್ಲಿನ ಮಾತಿಗೆ ಫೋನ್ ಹಚ್ಚಿದ. ಲೈಟ್ ಬಿಲ್ಲು ಕೆಳಗಿಟ್ಟೆ. ಅಧಿಕಾರಿಗಳೂ ಮನುಷ್ಯರು, ಒಂದೆರಡು ದಿನ ಹೆಚ್ಚುಕಮ್ಮಿ ನೋಡಿಕೋತಾರ ಅಂದುಕೊಂಡೆ. ಆ ಮ್ಯಾಲೆ ನೆನಪs ಹಾರಿತು.

ಸರ್‌ಗ ಹೇಳಿದೆ. ಅವರು ಕನ್ನಡಕ ಸೈತ ತಗೀಲಿಲ್ಲ. "ರದ್ದು ಹಿಂದ ತಗೋರಿ ಅಂತ ಅರ್ಜಿ ಹಾಕಿದ್ರ ಬರತೈತ್ರಿ. ತಿಂಗಳು ಹಿಡೀತೈತಿ. ಅದು ಬ್ಯಾರೆ ಕೆಲಸ, ಎರಡೂವರಿ ಸಾವಿರ ಫೀ ತಗೊಳ್ರಿ ಅವರ ಕಡೆ."

"ಐದನೇ ತಾರೀಖಿಗೆ ಅವರ ಗುತ್ತಿಗಿ ಅರ್ಜಿ ಅದ ಸರ್."

"ಮತ್ತ ಏನ್ ಮಾಡ್ಲಿ ನಾ? ಹೇಳಬ್ಯಾಡ್ರಿ ಈಗs. ಮೂವತ್ತೊಂದು ಮುಗೀಲಿ, ಅತ್ತಕೋತ ಬಂದು ಕುಂದರತಾರ ಇಲ್ಲೆ."

ಅದೂ ಖರೇ. ಮೂರು ದಿನದಾಗ ಹದಿನೆಂಟು ಆಡಿಟ್ ಅವ. ಅಳಾವರನ್ನ ಸಂಬಾಳಸ್ಕೋತ ಕೂಡಲಿಕ್ಕೆ ಯಾರಿಗೆ ಪುರಸತ್ತದ?

ಅಕ್ಟೋಬರ್ ೨೯, ಬುಧವಾರ

ಆಡಿಟ್ಟಿನ ಮೂವತ್ತೊಂದನೇ ತಾರೀಖು ಮುಂದ ಹೋತು. ನವೆಂಬರ್ ಹತ್ತು.

ಸರ್ ಪೇಡೆ ತರಿಸಿದ್ರು. ಮಧು ಕುರ್ಚಿಯೊಳಗs ಒರಗಿ ಕಣ್ಣು ಮುಚ್ಚಿದಳು. ಶೆಟ್ಟರು ಫೋನ್ ಮಾಡಿದ್ದರು, ನಗಚಾಟಿಕಿ ಮಾಡಲಿಕ್ಕೆ. "ಅಷ್ಟ ಅವಸರ ಯಾಕ ಮಾಡಿದ್ರಿ ಅಕ್ಕಾರ? ಬ್ಯಾಂಕಿನ ಸಾಹೇಬ್ರು ಹಬ್ಬಕ್ಕ ಊರಿಗೆ ಹೋಗ್ಯಾರ. ನಿಮ್ಮ ವರದಿ ಇನ್ನೂ ನನ್ನ ಗಾಡ್ಯಾಗs ಐತಿ!"

ಗಾಡ್ಯಾಗ ಅದ. ನಾಕು ದಿನದಿಂದ. ನಾ ಫೋನ್ ಹಿಡಕೊಂಡು ನಕ್ಕೆ. ಗಿರಾಕಿ ನಕ್ಕರ ನಗಬೇಕಲ್ಲ. ಆಮ್ಯಾಲೆ ಸಂಡಾಸಿಗೆ ಹೋಗಿ ನಳಾ ಬಿಟ್ಟು ನಿಂತೆ. ದೊಡ್ಡವರಿಗೆ ಸರಕಾರ ತಾರೀಖು ಕೊಡತದ, ಬ್ಯಾಂಕ್ ತಾರೀಖು ಕೊಡತದ, ಹಬ್ಬ ತಾರೀಖು ಕೊಡತದ. ಏಳು ದಿನದ ನೋಟೀಸಿಗೆ ಒಂದು ತಾಸು ಸೈತ ಯಾರೂ ಕೊಡಲಿಲ್ಲ.

ಸರಕಾರಕ್ಕ ಬೈದೆ, ಶೆಟ್ಟರಿಗೆ ಬೈದೆ, ಸರ್‌ಗ ಬೈದೆ. ಯಾರೂ ಉಳೀಲಿಲ್ಲ.

ನವೆಂಬರ್ ೪, ಮಂಗಳವಾರ

ಆ ಹೆಂಗಸು ಬಂತು ಇವತ್ತ. ಒಳಗ ಬರ್ಲೇನು ಅಂತ ಕೇಳಲಿಲ್ಲ, ಸೀದಾ ಬಂತು.

"ಅಕ್ಕಾರ, ಹಾಸ್ಟೆಲ್ಲಿನ ಕ್ಲರ್ಕು ನನ್ನ ನಂಬರ್ ಕಂಪ್ಯೂಟರ್‌ನ್ಯಾಗ ಹೊಡದು ನೋಡಿದ್ರು. ಇದು ರದ್ದಾಗೈತಿ, ಅರ್ಜಿ ತಗೊಳ್ಳೂದಿಲ್ಲ ಅಂದ್ರು. ನಾಳೆ ಒಂದ ದಿನ ಐತ್ರಿ. ಏನರ ಮಾಡ್ರಿ, ನಿಮ್ಮ ಕಾಲ ಬೀಳತೇನಿ."

"ಮದಲ ಕೂಡ್ರಿ. ನೀವು ಶೆಡ್ ಬದ್ಲಿ ಮಾಡಿದ್ದು ಯಾವಾಗ?"

"ಆಗಸ್ಟಿನ್ಯಾಗ್ರಿ."

"ಕಾಗದ ತಂದು ಕೊಟ್ಟಿದ್ದು ಅಕ್ಟೋಬರ್‌ನ್ಯಾಗ. ಹದಿನೈದು ದಿನದಾಗ ತಿಳಿಸಬೇಕು ಅಂತ ಕಾಯ್ದೆ ಅದ. ತಡಾ ಮಾಡಿದ್ರ ಹಿಂಗs ಆಗತದ."

ಇದರಾಗ ಸುಳ್ಳು ಒಂದೂ ಇಲ್ಲ. ಕಾಯ್ದೆ ಹಂಗೇ ಅದ.

ಆಕಿ ಕೇಳಿದಳು, "ರದ್ದು ಮಾಡೂಕಿಂತ ಮದಲ ನೋಟೀಸ್ ಕೊಡತಾರಂತಲ್ರಿ, ಆ ಕ್ಲರ್ಕು ಹೇಳಿದ್ರು. ಅದು ಯಾರಿಗೆ ಬಂದಿತ್ರಿ?"

ಮಧು ಟೈಪ್ ಮಾಡೂದು ನಿಲ್ಲಿಸಿದಳು. ಆಫೀಸ್ ಮೊಬೈಲು ನನ್ನ ಮೊಣಕೈ ಹತ್ತರನೇ ಇತ್ತು.

"ಅದು ಕಂಪ್ಯೂಟರದಾಗ ಹಾಕಿಬಿಡತಾರ. ಯಾರಿಗೂ ಬರೂದಿಲ್ಲ."

ಪದ್ಮವ್ವ ಸೆರಗಿಲೆ ಮಾರಿ ಒರಸಿಕೊಂಡಳು. "ನಂದs ತಪ್ಪು ಬಿಡ್ರಿ. ಆಗಸ್ಟಿನ್ಯಾಗs ಬರಬೇಕಾಗಿತ್ತು. ಶೆಡ್ಡಿನ ಗದ್ಲದಾಗ ಬಿಟ್ಟೆ. ಆ ಹೆಣ್ಮಕ್ಕಳಿಗೆ ಏನಂತ ಹೇಳ್ಲಿ ನಾ? ನಿಮಗೂ ಸುಮ್ಮನ ತ್ರಾಸ ಕೊಟ್ಟೆ ಅಕ್ಕಾರ." ರದ್ದು ಹಿಂದ ತಗಸೂ ಅರ್ಜಿಗೆ ಎರಡೂವರಿ ಸಾವಿರ ಅಂದೆ. ಚೀಲದಾಗಿಂದ ತಗದು ಕೊಟ್ಟಳು. ಪಾವತಿ ಚೀಟಿ ಹರದು ಕೊಟ್ಟೆ. ಅರ್ಜಿ ಇವತ್ತs ಹಾಕಿದೆ, ಹತ್ತು ನಿಮಿಷ ಹಿಡೀತು.

ಹೋಗುವಾಗ ಚಟ್ನಿ ಡಬ್ಬಿ ಇಟ್ಟು ಹೋದಳು. ಬ್ಯಾಡ ಅಂದ್ರೂ ಕೇಳಲಿಲ್ಲ. ಅತ್ತಿಯವರು ರೊಟ್ಟಿಗೆ ಹಚ್ಚಿಕೊಂಡು ತಿಂದು "ನೀನೂ ಹಚ್ಚಿಕೋ" ಅಂದ್ರು. ನಾ ಮಜ್ಜಿಗಿ ಅನ್ನ ಉಂಡೆ.

ನವೆಂಬರ್ ೭, ಶುಕ್ರವಾರ

ಸವದತ್ತಿ ಗುತ್ತಿಗಿ ರಾಮದುರ್ಗದವರಿಗೆ ಹೋತಂತ. ಮಧು ಹೇಳಿದಳು. ಪದ್ಮವ್ವನ ಕೂಡ ಇದ್ದ ಆರೂ ಮಂದಿ ಹತ್ತಿ ಬಿಡಸಲಿಕ್ಕೆ ಕೂಲಿಗೆ ಹೊಂಟಾರಂತ. ನಾ ಕೇಳಿರಲಿಲ್ಲ, ಆಕಿನೇ ಬಂದು ಹೇಳಿದಳು. "ನೀ ಯಾಕ ಅವರಿಗೆ ಫೋನ್ ಮಾಡಿದಿ?" ಅಂದೆ. "ಸುಮ್ಮನ್ರಿ ಮೇಡಂ" ಅಂದಳು. ಮಧುನ ಮ್ಯಾಲೆ ಕಣ್ಣಿಡಬೇಕು.

ನವೆಂಬರ್ ೧೦, ಸೋಮವಾರ

ನಲ್ವತ್ತೊಂದೂ ಮುಗದವು. ಸರ್ ಪಗಾರ ಎರಡು ಸಾವಿರ ಹೆಚ್ಚು ಮಾಡ್ಯಾರ.

ನವೆಂಬರ್ ೧೨, ಬುಧವಾರ

ಮಧ್ಯಾಹ್ನ ಆಫೀಸ್ ಮೊಬೈಲು ರಿಂಗಾತು. ಅದಕ್ಕ ಮೆಸೇಜ್ ಬರತಾವ, ಫೋನ್ ಬರೂದು ಅಪರೂಪ. ಆ ನಂಬರ್ ಗಿರಾಕಿಗಳಿಗೆ ನಾವು ಕೊಟ್ಟೇ ಇಲ್ಲ. ಎತ್ತಿ "ನಮಸ್ಕಾರ್ರಿ, ವಿರೂಪಾಕ್ಷ ಸರ್ ಆಫೀಸು" ಅಂದೆ.

ಆ ಕಡೆ ಫ್ಯಾನಿನ ಸಪ್ಪಳ, ಯಾರೋ ಸಾಹೇಬ್ರೇ ಅನ್ನೂದು ಕೇಳತಿತ್ತು.

"ನಾ ಪದ್ಮವ್ವರಿ, ನೇಸರಗಿ."

"ಈ ನಂಬರ್ ಎಲ್ಲಿ ಸಿಕ್ತು ನಿಮಗ?"

"ಜಿಎಸ್‌ಟಿ ಆಫೀಸಿಗೆ ಬಂದೇನ್ರಿ, ಅರ್ಜಿ ಏನಾತು ಕೇಳಾಕ. ಸಾಹೇಬ್ರು ಫೈಲ್ ತಗದು ನೋಡಿದ್ರು. ಅಕ್ಟೋಬರ್ ಹದಿಮೂರಕ್ಕ ನೋಟೀಸ್ ಕಳಿಸೇವಿ, ಮೊಬೈಲಿಗೆ ಮುಟ್ಟೈತಿ ಅಂದ್ರು. ನಂದು ಮೊಬೈಲ್ ತೋರಿಸಿದೆ, ಬಂದಿಲ್ರಿ ಅಂದೆ. ಇದು ನಿನ್ನ ನಂಬರ್ ಅಲ್ಲವ್ವಾ ಅಂದು ಒಂದು ಚೀಟಿ ಮ್ಯಾಲೆ ಬರದು ಕೊಟ್ರು. ಯಾರದಂತ ನೋಡಾಕ ಹಚ್ಚಿದೆ."

ಪದ್ಧತಿ ಅದ, ಎಲ್ಲಾರದೂ ಹಿಂಗೇ ಹಾಕತೇವಿ, ನಿಮ್ಮ ಅನುಕೂಲಕ್ಕs ಅಂತ. ಹೇಳಿದ್ರ ಹೇಳಬಹುದಿತ್ತು.

"ಗೊತ್ತಾತ್ ಬಿಡ್ರಿ" ಅಂದಳು ಆಕಿ. ಅಕ್ಕಾರ ಅನ್ನಲಿಲ್ಲ. ಬೈಯಲೂ ಇಲ್ಲ. ಫೋನ್ ಇಟ್ಟಳು.

ಬೈದಿದ್ರ ನಾನೂ ಬೈತಿದ್ದೆ. ಆಗಸ್ಟ್ ಅಂತಿದ್ದೆ, ಹದಿನೈದು ದಿನ ಅಂತಿದ್ದೆ. ನಾಚಿಗಿ ಆತು ಅಂತ ಬರೀಬೇಕು ಇಲ್ಲಿ. ಆದದ್ದು ಸಿಟ್ಟು. ಆಕಿ ಮ್ಯಾಲೇ ಸಿಟ್ಟು. ಅಷ್ಟು ದೂರ ಹೋಗಿ ಕೇಳೂದೇನಿತ್ತು, ನನ್ನ ಒಂದು ಮಾತು ಕೇಳಿದ್ರ ಆಗತಿರಲಿಲ್ಲೇನು ಅಂತ. ಆಮ್ಯಾಲೆ ನೆನಪಾತು, ಕೇಳಿದ್ದಳು.

ಸರ್ ಒಳಗಿಂದ ಬಂದ್ರು. ಹೊಸಾ ಗಿರಾಕಿ ಒಬ್ಬರು ನೋಂದಣಿಗಂತ ಬಂದು ನನ್ನ ಮುಂದ ಕುಂತಿದ್ದರು. ಮಧು ತನ್ನ ಜಾಗಾದಿಂದ "ಯಾರ್ರಿ ಮೇಡಂ ಫೋನ್ ಮಾಡಿದ್ದು?" ಅಂದಳು.

"ರಾಂಗ್ ನಂಬರ್" ಅಂದೆ.

ಸರ್ ಫಾರ್ಮ್ ಮುಂದ ಸರಿಸಿದ್ರು. ತುಂಬಲಿಕ್ಕೆ ಕುಂತೆ, ಮೊಬೈಲ್ ನಂಬರಿನ ಜಾಗಾದಾಗ ಆಫೀಸಿನದs ಹಾಕಿದೆ.